ಕೋಚ್ ಕೂಗೋದು ಮುಂದಿನ ಸೀಟಿಗಾಗಿ

ಪುಣೆ, ಹೈದರಾಬಾದ್ ಕಡೆಯಿಂದ ನೋಡ್ತಿರೋರಲ್ಲಿ ಕೆಲವರು ವೀಕೆಂಡಲ್ಲಿ ಕಂಪನಿ ಟೂರ್ನಮೆಂಟುಗಳಿಗೆ ರೆಫರಿ ಆಗಿ ನಿಲ್ಲೋರು ಇದ್ದೀರಿ. ಇವತ್ತಿನ ಮಾತು ನಿಮಗೆ. ಬಾಸ್ಕೆಟ್‌ಬಾಲ್ ಕೋರ್ಟಿನ ಗೆರೆ ಪಕ್ಕ ನಿಂತು ಕೂಗಾಡೋ ಕೋಚ್‌ಗಳನ್ನ ಹೇಗೆ ಸಂಭಾಳಿಸೋದು?

ಕೊಟ್ಟ ಫೌಲನ್ನ ನೀವು ವಾಪಸ್ ತಗೊಳ್ಳಲ್ಲ ಅಂತ ಕೋಚ್‌ಗೆ ಚೆನ್ನಾಗಿ ಗೊತ್ತು. ಆದರೂ ಕೂಗ್ತಾರೆ, ಯಾಕಂದ್ರೆ ಅವರ ಕಣ್ಣಿರೋದು ನಿಮ್ಮ ಮುಂದಿನ ಸೀಟಿ ಮೇಲೆ. ಎರಡು ನಿಮಿಷ ಬಿಟ್ಟು ಆ ಕಡೆನೋ ಈ ಕಡೆನೋ ಅನ್ನೋ ಹಾಗೆ ಒಂದು ಡಿಕ್ಕಿ ಆದಾಗ, ನಿಮಗೇ ಗೊತ್ತಿಲ್ಲದೆ ಕೈ ಅವರ ಕಡೆ ವಾಲುತ್ತೆ. ನಷ್ಟ ಯಾರಿಗೆ? ಸುಮ್ಮನೆ ಕೂತ ಇನ್ನೊಂದು ಬೆಂಚಿನ ಹುಡುಗರಿಗೆ.

ವಿಡಿಯೋ ವ್ಯವಸ್ಥೆ ಇರೋ ಕಡೆ ಫಿಬಾ 2022ರಲ್ಲಿ ಹೆಡ್ ಕೋಚ್‌ಗೆ ಪಂದ್ಯಕ್ಕೆ ಒಂದು ಚಾಲೆಂಜ್ ಕೊಟ್ಟಿತು. ನಮ್ಮ ಕೋರ್ಟುಗಳಲ್ಲಿ ಅದೆಲ್ಲಿ ಬರಬೇಕು? ಹಾಗಾಗಿ ಕೋಚ್‌ಗೆ ಇರೋದು ಬಾಯಿ ಒಂದೇ. ಕೇಳಿದರೆ ಉತ್ತರ ಕೊಡಿ.

"ಸರ್, ಅದು ಬ್ಲಾಕಿಂಗ್ ಅಲ್ವಾ?"

"ಇಲ್ಲ ಸರ್, ಡಿಫೆಂಡರ್ ಮೊದಲೇ ಅಲ್ಲಿ ನಿಂತಿದ್ದ."

ಅಷ್ಟು ಸಾಕು, ವಾದಕ್ಕೆ ಇಳೀಬೇಡಿ. ಆದರೆ ಕೈ ಬೀಸಿ ಪ್ರೇಕ್ಷಕರನ್ನ ಎಬ್ಬಿಸೋದು, ಕೋರ್ಟೊಳಗೆ ನುಗ್ಗೋದು, 'ನೀವು ಅವರ ಕಡೆಯವರು' ಅನ್ನೋದು ಪ್ರಶ್ನೆ ಅಲ್ಲ. ಒಂದು ಸಲ ಎಚ್ಚರಿಸಿ. ಮತ್ತೆ ಮಾಡಿದರೆ ಟೆಕ್ನಿಕಲ್ ಫೌಲ್.

ಟೆಕ್ನಿಕಲ್ ಅಂದ ಕೂಡಲೇ ನಮ್ಮವರು ಹಿಂಜರೀತಾರೆ, ಆಟಾನೇ ಕೆಟ್ಟುಹೋಗುತ್ತೆ ಅಂತ. ಈಗಿನ ಫಿಬಾ ನಿಯಮದಲ್ಲಿ ಎದುರಾಳಿಗೆ ಸಿಗೋದು 1 ಫ್ರೀ ಥ್ರೋ; ಆಮೇಲೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತೆ. ಸ್ವಂತ ವರ್ತನೆಗೆ 2 ಬಿದ್ದರೆ ಕೋಚ್ ಹೊರಗೆ. ಮೊದಲ ಕ್ವಾರ್ಟರಲ್ಲಿ ಇದು ಅಗ್ಗದ ಔಷಧಿ. ಸಹಿಸಿ ಸಹಿಸಿ ಕೊನೇ ನಿಮಿಷದಲ್ಲಿ ಕೊಟ್ಟರೆ ಅದೇ 1 ಪಾಯಿಂಟ್ ಪಂದ್ಯವನ್ನೇ ತಿರುಗಿಸಬಹುದು.

ಕೋಚ್ ದೊಡ್ಡ ಹೆಸರಿನವರಾದರೆ? ಬಾಬ್ ನೈಟ್ 1984ರಲ್ಲಿ ಅಮೆರಿಕಕ್ಕೆ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟ ಕೋಚ್. 1985ರ ಫೆಬ್ರವರಿ 23ರಂದು ಇಂಡಿಯಾನಾ-ಪರ್ಡ್ಯೂ ಕಾಲೇಜು ಪಂದ್ಯದಲ್ಲಿ ಟೆಕ್ನಿಕಲ್ ಬಿದ್ದ ಸಿಟ್ಟಿಗೆ ಕುರ್ಚಿ ಎತ್ತಿ ಕೋರ್ಟಿಗೆ ಎಸೆದರು. ಅದೂ ಅವರದೇ ಊರಿನ ಪ್ರೇಕ್ಷಕರ ಮುಂದೆ. ರೆಫರಿಗಳು ಅವರನ್ನ ಹೊರಗೆ ಕಳಿಸಿದರು. ನಿಮ್ಮ ಟೂರ್ನಮೆಂಟಲ್ಲಿ ಕೂಗ್ತಿರೋರು ಹೆಚ್ಚೆಂದ್ರೆ ಯಾರದೋ ಡೆಲಿವರಿ ಮ್ಯಾನೇಜರ್, ಬಿಡಿ!

ಟೆಕ್ನಿಕಲ್ ಕೊಟ್ಟಮೇಲೆ ಆ ಬೆಂಚಿನ ಮುಂದೆ ನಿಲ್ಲಬೇಡಿ, ಜೊತೆ ರೆಫರಿ ಆ ಕಡೆ ಬರಲಿ. ಹಾಫ್‌ಟೈಮಲ್ಲಿ ಇಬ್ಬರೂ ಕೂತು, ಕೂಗಾಟ ಶುರುವಾದಮೇಲೆ ಕೊಟ್ಟ ಫೌಲುಗಳನ್ನ ಒಂದೊಂದಾಗಿ ನೆನಪಿಸ್ಕೊಳ್ಳಿ: ಯಾವುದು ನೋಡಿ ಕೊಟ್ಟಿದ್ದು, ಯಾವುದು ಕೇಳಿ ಕೊಟ್ಟಿದ್ದು?