ತಡವಾಗಿ ಬಂದ ಹಿಮ

(ಬಳಗದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಫೆಬ್ರವರಿ ಅರ್ಧ ಕಳೆಯಿತೆಂದರೆ ಮಲೆನಾಡಿನ ಕಾಫಿ ಬೆಳೆಗಾರನ ಕಣ್ಣು ಆಕಾಶದ ಕಡೆಗೇ ಇರುತ್ತದೆ. ರೊಬಸ್ಟಾ ಗಿಡದ ಮೊಗ್ಗು ಅರಳಲು ಒಂದು ಇಂಚಿನಷ್ಟು ಹೂಮಳೆ ಬೇಕು. ಅದು ಹೊತ್ತಿಗೆ ಬಾರದಿದ್ದರೆ ಆಷಾಢದಲ್ಲಿ ಎಷ್ಟು ಸುರಿದರೂ ಆ ವರ್ಷದ ಹೂವು ಮರಳುವುದಿಲ್ಲ. ಸರಿಯಾಗಿ ಅದೇ ದಿನಗಳಲ್ಲಿ ದೇಶದ ಇನ್ನೊಂದು ತುದಿಯ ಬೆಟ್ಟಗಳಲ್ಲಿಯೂ ಕೆಲವರು ಹೀಗೆಯೇ ಮುಗಿಲು ಕಾಯುತ್ತ ಕುಳಿತಿರುತ್ತಾರೆ. ಅವರು ಹಿಮಪ್ರಿಯರು. ಕಾಶ್ಮೀರದ ಗುಲ್ಮಾರ್ಗ್‌ನ ಸ್ಕೀ ಆಟಗಾರರು, ಅವರಿಗೆ ದಾರಿ ತೋರುವ ಮಾರ್ಗದರ್ಶಿಗಳು, ಪ್ರವಾಸಿಗಳನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆದು ದಿನದ ಕೂಲಿ ಸಂಪಾದಿಸುವ ತಂಗ್‌ಮಾರ್ಗ್ ಸೀಮೆಯ ಬಡವರು, ಹಿಮ ನೋಡುವುದಕ್ಕೆಂದೇ ರಜೆ ಕೂಡಿಟ್ಟುಕೊಂಡ ಬಯಲುಸೀಮೆಯ ನೌಕರರು. ಚಳಿಗಾಲ ಒಣಗಿಹೋದ ವರ್ಷ ಇವರೆಲ್ಲರ ಬಾಯಲ್ಲಿ ಒಂದೇ ಮಾತು: ಕೊನೆಗಾದರೂ ಒಂದು ದೊಡ್ಡ ಹಿಮಮಾರುತ ಬಂದೀತೇ?

ಈ ಹಂಬಲವನ್ನು ಉಳ್ಳವರ ಶೋಕಿಯೆಂದು ತಳ್ಳಿಹಾಕುವುದು ಸುಲಭ. ಪರಿಸರದ ಕಾಳಜಿಯುಳ್ಳವರು ಹಾಗೆ ಮಾಡಿದ್ದೂ ಉಂಟು. ಅದು ನ್ಯಾಯವಲ್ಲ. ಜಾರುಬಂಡಿ ಎಳೆಯುವವನಿಗೆ ಹಿಮವೆಂದರೆ ಅನ್ನ. ಆಟಗಾರರಿಗೆ ಅದು ಸಾಧನೆಯ ನೆಲ. ಹಿಮವನ್ನೇ ಕಾಣದ ಕೊಡಗಿನಿಂದ ಹೋದ ಭವಾನಿ ತೆಕ್ಕಡ ನಂಜುಂಡ ಅವರು 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ನಾರ್ಡಿಕ್ ಸ್ಕೀಯಿಂಗ್‌ನ ಚಿನ್ನ ಗೆದ್ದದ್ದು ಇದೇ ಗುಲ್ಮಾರ್ಗ್‌ನ ಹಿಮದ ಮೇಲೆ. ಆ ಹಿಮವೂ ಸುಖಾಸುಮ್ಮನೆ ದೊರೆತದ್ದಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಹುಲ್ಲನ್ನು ಹೊದ್ದು ಬಿದ್ದಿದ್ದವು. ಬಂದ ಪ್ರವಾಸಿಗಳು ಬೋಳು ಮೈದಾನದ ಚಿತ್ರ ತೆಗೆದುಕೊಂಡು ಹಿಂದಿರುಗಿದರು. ತಿಂಗಳ ಕೊನೆಯಲ್ಲಿ ಹಿಮ ಬೀಳತೊಡಗಿದ ಮೇಲೆಯೇ ಫೆಬ್ರವರಿ 21ರಿಂದ 25ರವರೆಗೆ ಅಲ್ಲಿ ಕೂಟ ನಡೆಯಿತು.

ಮರುವರ್ಷದ ಸ್ಥಿತಿ ಇನ್ನೂ ಬಿಗಡಾಯಿಸಿತು. 2025ರ ಫೆಬ್ರವರಿ 22ರಂದು ಗುಲ್ಮಾರ್ಗ್‌ನಲ್ಲಿ ಆರಂಭವಾಗಬೇಕಿದ್ದ ಕೂಟವನ್ನು ಹಿಮವಿಲ್ಲವೆಂದು ಮುಂದೂಡಬೇಕಾಯಿತು. ಫೆಬ್ರವರಿಯ ಕೊನೆಯ ದಿನಗಳಲ್ಲಿ ಬಯಸಿದ ಮಾರುತ ಬಂತು, ಮಾರ್ಚ್ 9ರಿಂದ 12ರವರೆಗೆ ಆಟಗಳು ನಡೆದವು. 2020ರ ಮೊದಲ ಕೂಟವೂ ಮಾರ್ಚ್‌ನಲ್ಲಿಯೇ ನಡೆದಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ನಡೆದಿತ್ತು, ಆದರೆ ಮಾರ್ಚ್‌ನಲ್ಲಿ ನಡೆಸುವುದು ಬೇರೆ, ಫೆಬ್ರವರಿಯಲ್ಲಿ ಹಿಮ ಕಾಣದೆ ಮಾರ್ಚ್‌ಗೆ ತಳ್ಳುವುದು ಬೇರೆ. ಅಂತೂ ಹಿಮಪ್ರಿಯರ ಪ್ರಾರ್ಥನೆ ಎರಡು ವರ್ಷವೂ ಫಲಿಸಿತೆಂದೇ ಲೆಕ್ಕ. ಪ್ರಶ್ನೆ ಏಳುವುದು ಇಲ್ಲಿಯೇ. ಕೊನೆಗೆ ಬಂದ ಆ ಹಿಮ ಬೆಟ್ಟದ ಬಾಕಿಯನ್ನು ತೀರಿಸಿತೇ?

ಕಾಶ್ಮೀರದ ಹಳಬರ ಪಂಚಾಂಗದಲ್ಲಿ ಇದಕ್ಕೆ ಉತ್ತರವಿದೆ. ಅವರು ಚಳಿಗಾಲದ ನಡುಭಾಗವನ್ನು ಮೂರು ತುಂಡು ಮಾಡಿದ್ದಾರೆ. ಡಿಸೆಂಬರ್ 21ರಿಂದ ಜನವರಿಯ ಕೊನೆಯವರೆಗಿನ ನಲವತ್ತು ದಿನ ಚಿಲ್ಲೈ ಕಲಾನ್, ಅಂದರೆ ಹಿರಿಯ ಚಳಿ. ಅನಂತರದ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕಿರಿಯ ಚಳಿ. ಕಡೆಯ ಹತ್ತು ದಿನ ಚಿಲ್ಲೈ ಬಚ್ಚಾ, ಕೂಸು ಚಳಿ. ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಗಳಿಗೆ ಹೆಸರಿಟ್ಟು ಒಂದೊಂದರ ಗುಣವನ್ನು ಬೇರೆಬೇರೆಯಾಗಿ ಬಲ್ಲ ಮಲೆನಾಡಿನ ರೈತನಿಗೆ ಈ ವಿಂಗಡಣೆಯ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯ ಚಳಿಯಲ್ಲಿ ಬಿದ್ದ ಹಿಮ ಬೆಟ್ಟದಲ್ಲಿ ನಿಲ್ಲುತ್ತದೆ, ಕೂಸು ಚಳಿಯಲ್ಲಿ ಬಿದ್ದದ್ದು ಓಡಿಹೋಗುತ್ತದೆ ಎಂಬುದು ಅಲ್ಲಿನ ಜನರ ಅನುಭವ.

ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ, ರಾತ್ರಿ ದೀರ್ಘ. ಬಿದ್ದ ಹಿಮದ ಮೇಲೆ ಇನ್ನೊಂದು ಪದರ ಬಿದ್ದು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿಯಾಗುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುವುದರಿಂದ ತಂಪು ತಂಪನ್ನೇ ಕಾಯುತ್ತದೆ. ಹೀಗೆ ತುಂಬಿದ ಕಣಜ ಏಪ್ರಿಲ್, ಮೇ ತಿಂಗಳುಗಳಲ್ಲಿ ಹನಿಹನಿಯಾಗಿ ಬಿಚ್ಚಿಕೊಂಡು ನೆಲಕ್ಕಿಳಿದು, ಒರತೆಗಳನ್ನು ಎಬ್ಬಿಸಿ, ಝೇಲಂ ನದಿಯನ್ನು ತುಂಬುತ್ತದೆ. ಭತ್ತದ ಗದ್ದೆಗೆ ನೀರು ಬೇಕಾಗುವುದೂ ಆಗಲೇ. ಮಾರ್ಚ್‌ನಲ್ಲಿ ಬಿದ್ದ ಹಿಮಕ್ಕೆ ಈ ವ್ಯವಧಾನವಿಲ್ಲ. ಹಗಲು ಬೆಳೆದಿರುತ್ತದೆ, ನೆಲ ಬೆಚ್ಚಗಾಗಿರುತ್ತದೆ. ಎರಡು ಅಡಿ ಬಿದ್ದದ್ದು ತಗ್ಗಿನ ಇಳಿಜಾರುಗಳಲ್ಲಿ ಕೆಲವೇ ದಿನಗಳಲ್ಲಿ ಕರಗಿ, ಮಣ್ಣು ಕುಡಿಯುವಷ್ಟು ಕುಡಿದು, ಮಿಕ್ಕದ್ದು ಹಳ್ಳ ಹಿಡಿದು ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯಲ್ಲಿ ಮಾನದ ಜಾಗದಲ್ಲಿ ಜನವರಿಯ ಹಿಮವನ್ನಿಟ್ಟರೂ ಅರ್ಥ ಕೆಡದು.

2025ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಂಡಿತು. ಆ ಫೆಬ್ರವರಿಯಲ್ಲಿ ಅನಂತನಾಗ್ ಬಳಿಯ ಅಚ್ಛಬಲ್‌ನ ಒರತೆ ಬತ್ತಿತು. ಮೊಗಲರ ಕಾಲದ ಉದ್ಯಾನದ ಕಾರಂಜಿಗಳಿಗೆ ನೀರೂಡಿಸುವ, ಸುತ್ತಲ ಹಳ್ಳಿಗಳ ಕುಡಿಯುವ ನೀರಿಗೂ ಆಸರೆಯಾದ ಒರತೆ ಅದು. ಅನಂತರ ಮಾರುತ ಬಂತು, ಆಟಗಳು ನಡೆದವು, ಪತ್ರಿಕೆಗಳಲ್ಲಿ ಬೆಳ್ಳಗಿನ ಚಿತ್ರಗಳು ಬಂದವು. ಏಪ್ರಿಲ್‌ನಲ್ಲಿ ಕಠ್ಮಂಡುವಿನ ಐಸಿಮಾಡ್ ಸಂಸ್ಥೆ ಹಿಂದೂಕುಷ್-ಹಿಮಾಲಯ ಶ್ರೇಣಿಯ ಲೆಕ್ಕ ಕೊಟ್ಟಿತು. ಆ ಸಂಸ್ಥೆ ಅಳೆದದ್ದು ಹಿಮದ ಆಳವನ್ನಲ್ಲ, ಬಿದ್ದ ಹಿಮ ನೆಲದ ಮೇಲೆ ಎಷ್ಟು ಕಾಲ ನಿಂತಿತೆಂಬುದನ್ನು. ಅದು ವಾಡಿಕೆಗಿಂತ ಶೇಕಡಾ 23.6ರಷ್ಟು ಕಡಿಮೆಯಾಗಿತ್ತು; 23 ವರ್ಷಗಳಲ್ಲಿಯೇ ಅತಿ ಕನಿಷ್ಠ, ಅದೂ ಸತತ ಮೂರನೆಯ ಕೊರತೆಯ ವರ್ಷ. ಆಟದ ಬಯಲು ತುಂಬಿದ್ದ ವರ್ಷವೇ ಕಣಜ ಬರಿದಾಗಿತ್ತು.

ತೋಟಗಾರನ ಪಾಡು ಬೇರೆಯೇ. ಸೇಬಿನ ಗಿಡಕ್ಕೆ ಚಳಿಗಾಲದಲ್ಲಿ ಸಾವಿರ ತಾಸುಗಳಷ್ಟು ದೀರ್ಘ ಚಳಿಯ ನಿದ್ರೆ ಬೇಕು. ಫೆಬ್ರವರಿ ಬೆಚ್ಚಗಾದರೆ ಬಾದಾಮಿ, ಜರ್ದಾಳು ಗಿಡಗಳು ಮೋಸಹೋಗಿ ಬೇಗ ಹೂ ಬಿಡುತ್ತವೆ. ಆಮೇಲೆ ಬಂದೆರಗುವ ಹಿಮಮಾರುತ ಆ ಹೂವಿನ ಮೇಲೆಯೇ ಬೀಳುತ್ತದೆ. ಸ್ಕೀ ಆಟಗಾರ ಮಂಡಿಯೂರಿ ಬೇಡುವುದನ್ನೇ ಅವನ ನೆರೆಯ ತೋಟದವನು ಬೇಡವೆಂದು ಬೇಡುತ್ತಿರುತ್ತಾನೆ. ಹೊತ್ತಲ್ಲದ ಹೊತ್ತಿನ ಹಿಮದ ಭಯ ಆ ಕಡೆಯಲ್ಲಿ ಹೊಸದಲ್ಲ. 2018 ಮತ್ತು 2019ರ ನವೆಂಬರ್ ಮೊದಲ ವಾರಗಳಲ್ಲಿ, ಎಲೆಯೂ ಉದುರದ ಸೇಬಿನ ಮರಗಳ ಮೇಲೆ ಒದ್ದೆ ಹಿಮ ಬಿದ್ದು ಕೊಂಬೆಗಳು ಸೀಳಿಹೋದವು. ಹಣ್ಣು ಹೋದರೆ ಒಂದು ವರ್ಷದ ನಷ್ಟ, ಮರ ಸೀಳಿದರೆ ಹದಿನೈದು ವರ್ಷದ್ದು.

ಈ ಮಾರುತಗಳು ಬರುವ ಬಗೆಯನ್ನೂ ಒಂದಿಷ್ಟು ತಿಳಿಯಬೇಕು. ನೈಋತ್ಯ ಮುಂಗಾರಿಗೂ ಇವಕ್ಕೂ ಸಂಬಂಧವಿಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹುಟ್ಟಿ, ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವಾಯುಪ್ರವಾಹದ ಬೆನ್ನೇರಿ ಇರಾನ್, ಅಫಘಾನಿಸ್ತಾನಗಳನ್ನು ದಾಟಿ ಹಿಮಾಲಯಕ್ಕೆ ಬಡಿಯುವ ಇವನ್ನು ಹವಾಮಾನ ಇಲಾಖೆ ಪಶ್ಚಿಮದ ಕ್ಷೋಭೆ ಎಂದು ಕರೆಯುತ್ತದೆ. ಆ ವಾಯುಪ್ರವಾಹ ಬೇಸಿಗೆ ಬರುವಾಗ ಉತ್ತರಕ್ಕೆ ಸರಿಯುವುದು ವಾಡಿಕೆ. ಅದು ಈಚೆಗೆ ತಡವಾಗಿ ಸರಿಯುತ್ತಿದೆ, ಆದ್ದರಿಂದ ಕ್ಷೋಭೆಗಳ ಋತು ಬೇಸಿಗೆಯೊಳಕ್ಕೂ ಚಾಚಿಕೊಳ್ಳುತ್ತಿದೆ ಎಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಕೀರನ್ ಹಂಟ್ ಅವರ ಅಧ್ಯಯನವೊಂದು 2024ರಲ್ಲಿ ತೋರಿಸಿತು. ಹಿಮಪ್ರಿಯರಿಗೆ ಇದು ಸಿಹಿಸುದ್ದಿಯಂತೆ ಕೇಳಿಸಬಹುದು. ಆದರೆ ತಡವಾದ ಕ್ಷೋಭೆ ಬೆಚ್ಚಗಿನ ಗಾಳಿಯಲ್ಲಿ ಬರುವುದರಿಂದ ಅದು ಎಷ್ಟೋ ಎತ್ತರದವರೆಗೆ ಹಿಮವಾಗಿ ಅಲ್ಲ, ಮಳೆಯಾಗಿ ಬೀಳುತ್ತದೆ. ಬಿದ್ದ ಮಳೆ ಇದ್ದ ಹಿಮವನ್ನೂ ತೊಳೆದುಕೊಂಡು ಹೋಗುತ್ತದೆ.

ಹಿಮವಾಗಿಯೇ ಬಿದ್ದರೂ ಅಪಾಯ ತಪ್ಪಿದ್ದಲ್ಲ. ಹಳೆಯ ಹಿಮದ ಪದರ ತೆಳ್ಳಗಾಗಿ, ಸಡಿಲವಾಗಿ ಉಳಿದಿರುವಾಗ ಅದರ ಮೇಲೆ ಒಮ್ಮೆಗೇ ಭಾರ ಬಿದ್ದರೆ ಇಡೀ ಇಳಿಜಾರೇ ಜಾರಿಬರುತ್ತದೆ. 2024ರ ಫೆಬ್ರವರಿ 22ರಂದು, ಕೆಳಗೆ ಕ್ರೀಡಾಕೂಟ ನಡೆಯುತ್ತಿದ್ದಾಗಲೇ, ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮ ಕುಸಿದು ರಷ್ಯಾದ ಸ್ಕೀ ಆಟಗಾರನೊಬ್ಬ ಸತ್ತ. 2025ರಲ್ಲಿ ಗುಲ್ಮಾರ್ಗ್‌ಗೆ ಆಟದ ನೆಲ ಒದಗಿಸಿದ ಅದೇ ಮಾರುತ ಫೆಬ್ರವರಿ 28ರ ಬೆಳಗ್ಗೆ ಬದರಿನಾಥದ ಆಚೆ ಮಾಣಾ ಹಳ್ಳಿಯ ಬಳಿ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮವನ್ನು ಕೆಡವಿತು. ಸಿಕ್ಕಿಕೊಂಡವರು 54 ಮಂದಿ. ಎಂಟು ಮಂದಿ ಉಳಿಯಲಿಲ್ಲ. ಅವರು ಆಟಕ್ಕೆ ಹೋದವರಲ್ಲ, ಗಡಿಯ ರಸ್ತೆಯಿಂದ ಹಿಮ ತೆಗೆಯುವ ಕೂಲಿಗೆ ಹೋದವರು. ಯಾರೋ ಬೇಡಿದ್ದರಿಂದ ಮಾರುತ ಬರುವುದಿಲ್ಲ, ಆದ್ದರಿಂದ ಇದರ ಹೊಣೆಯನ್ನು ಹಿಮಪ್ರಿಯರ ತಲೆಗೆ ಕಟ್ಟುವಂತಿಲ್ಲ. ಆದರೂ ಒಂದೇ ಮಾರುತದ ಈ ಎರಡು ಸುದ್ದಿಗಳು ಪತ್ರಿಕೆಯ ಬೇರೆಬೇರೆ ಪುಟಗಳಲ್ಲಿ, ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲದಂತೆ ಅಚ್ಚಾಗುತ್ತವೆ.

ಯಂತ್ರದಿಂದ ಹಿಮ ಮಾಡಬಹುದಲ್ಲ ಎಂಬ ಮಾತು ಪ್ರತಿ ಒಣ ಚಳಿಗಾಲದಲ್ಲಿಯೂ ಏಳುತ್ತದೆ. ಮಳೆ ತಪ್ಪಿದರೆ ಸ್ಪ್ರಿಂಕ್ಲರ್ ತಿರುಗಿಸಿ ಕಾಫಿಯ ಹೂ ಅರಳಿಸುವಂತೆ. ಸ್ಪ್ರಿಂಕ್ಲರಿಗೆ ಹೊಳೆಯಲ್ಲಿ ನೀರಿದ್ದರಾಯಿತು. ಹಿಮದ ಯಂತ್ರಕ್ಕೆ ನೀರೂ ಬೇಕು, ಸೊನ್ನೆಯ ಆಸುಪಾಸಿನ ಚಳಿಯೂ ಬೇಕು. ಒರತೆ ಬತ್ತಿದ, ಚಳಿ ಬಾರದ ವರ್ಷದಲ್ಲಿ ಎರಡನ್ನೂ ತರುವುದೆಲ್ಲಿಂದ?

ಕೊನೆಯಲ್ಲಿ ಒಂದು ಸಣ್ಣ ಕೆಲಸದ ಪ್ರಸ್ತಾಪ. ಮಲೆನಾಡಿನ ಹಳೆಯ ಕಾಫಿ ತೋಟಗಳಲ್ಲಿ ಮಳೆಯ ಪುಸ್ತಕವಿರುತ್ತದೆ. ತಾತ ಬರೆದದ್ದು, ಮಗ ಮುಂದುವರಿಸಿದ್ದು. ಯಾವ ತಾರೀಕು ಎಷ್ಟು ಸೆಂಟ್ಸ್ ಎಂಬುದಷ್ಟೇ ಅದರಲ್ಲಿರುವುದು. ವರ್ಷದ ಒಟ್ಟು ಮಳೆ ಸರಿಯಿದ್ದೂ ಬೆಳೆ ಕೆಟ್ಟದ್ದೇಕೆಂದು ಆ ತಾರೀಕುಗಳೇ ಹೇಳುತ್ತವೆ. ಹಿಮಪ್ರಿಯರಷ್ಟು ನಿಷ್ಠೆಯಿಂದ ಹಿಮವನ್ನು ಗಮನಿಸುವವರು ಬೇರಾರೂ ಇಲ್ಲ. ಆದರೆ ಅವರು ಕೇಳುವುದೂ ಬರೆದಿಡುವುದೂ ಇವತ್ತು ಎಷ್ಟು ಇಂಚು ಎಂಬುದನ್ನು ಮಾತ್ರ. ಬಿದ್ದ ದಿನ ಯಾವುದು, ನೆಲ ಮತ್ತೆ ಕಂಡ ದಿನ ಯಾವುದು ಎಂದು ಇನ್ನೆರಡು ಕಾಲಂಗಳನ್ನು ಗುಲ್ಮಾರ್ಗ್, ಔಲಿ, ಸೋಲಂಗ್‌ಗಳ ಮಾರ್ಗದರ್ಶಿಗಳು ಬರೆದಿಟ್ಟರೆ, ತಗ್ಗಿನ ಗದ್ದೆಯವನಿಗೆ ಆ ಪುಸ್ತಕ ಏಪ್ರಿಲ್‌ನ ನೀರಿನ ಮುಂಗಡ ಲೆಕ್ಕವಾದೀತು. ಚಾರಣಕ್ಕೆಂದು ಪ್ರತಿವರ್ಷ ಉತ್ತರದ ಬೆಟ್ಟಗಳಿಗೆ ಹೋಗುವ ಇಲ್ಲಿನ ತರುಣ ತರುಣಿಯರು ಈ ಮಾತನ್ನು ಅಲ್ಲಿಗೆ ಒಯ್ಯಬಹುದು. ಬರುವಾಗ ತೋರಿಸಲು ತೋಟದ ಮಳೆ ಪುಸ್ತಕದ ಒಂದು ಪುಟದ ಪ್ರತಿಯನ್ನೂ ಜೊತೆಗೆ ಕೊಂಡೊಯ್ದರೆ ವಿವರಣೆ ಸುಲಭವಾಗುತ್ತದೆ.