ಬಸುರಿನಲ್ಲಿ ಬಿಳಿ ಸೆರಗು: ಬಾಯಿಬಿಟ್ಟು ಹೇಳಬೇಕಾದ ಮಾತು

(ಬಾಲಾನಗರದಲ್ಲಿ ನಡೆದ ಮಹಿಳಾ ವೇದಿಕೆಯ ಆರೋಗ್ಯ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹರೂಪ)

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ನಾನು ಪಟ್ಟ ಪಾಡು ಮತ್ತು ಅದರಿಂದ ಕಲಿತದ್ದು, ಇಷ್ಟನ್ನು ಮಾತ್ರ ಹೇಳಲು ನಿಂತಿದ್ದೇನೆ.

2019ರಲ್ಲಿ ನಾನು ಏಳು ತಿಂಗಳ ಬಸುರಿ. ದಾವಣಗೆರೆಯಿಂದ ಇಲ್ಲಿಗೆ ಬಂದು ವರ್ಷವೂ ಆಗಿರಲಿಲ್ಲ, ತೆಲುಗು ಅಷ್ಟಕ್ಕಷ್ಟೆ. ತಿಂಗಳ ತಪಾಸಣೆಗೆ ಹೋದಾಗ ನರ್ಸಮ್ಮ ಬರೆದುಕೊಳ್ಳುತ್ತಲೇ ಕೇಳಿದರು: "ತೆಲ್ಲಬಟ್ಟ ಅವುತುಂದಾ?" ಬಿಳಿ ಬಟ್ಟೆ ತಂದಿದ್ದೀಯಾ ಅಂತ ಕೇಳುತ್ತಿದ್ದಾರೆ ಅಂದುಕೊಂಡೆ. "ಲೇದು" ಅಂದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ನಿಜ ಹೇಳಬೇಕೆಂದರೆ, ಆಗ ನನಗೆ ಹತ್ತು ದಿನದಿಂದ ಒಡೆದ ಹಾಲಿನಂಥ ಗಟ್ಟಿ ಸ್ರಾವ, ತಡೆಯಲಾರದ ತುರಿಕೆ. ಡಾಕ್ಟರ ಮುಂದೆ ಕೂತಾಗ ಪಕ್ಕದಲ್ಲಿ ಗಂಡ ಇದ್ದರು, ನಾಚಿಕೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅಳುತ್ತಾ ಹೇಳಿದೆ. ಅಮ್ಮ ಅಂದಳು, "ಅಯ್ಯೋ, ಸೆರಗು ಹೋಗ್ತಿದೆ ಅನ್ನು. ಅದನ್ನ ಹೇಳೋಕೆ ಇಷ್ಟು ನಾಚಿಕೆನಾ? ನಾಳೆನೇ ತೋರಿಸ್ಕೊಂಡು ಬಾ." ಆಮೇಲೆ ಹೊಳೆಯಿತು. ಕನ್ನಡದಲ್ಲಿ ಬಿಳಿ ಸೆರಗು, ತೆಲುಗಿನಲ್ಲಿ ಬಿಳಿ ಬಟ್ಟೆ. ಎರಡು ಭಾಷೆಯಲ್ಲೂ ನಾವು ಇದನ್ನು ಬಟ್ಟೆಯ ಹಿಂದೆಯೇ ಮುಚ್ಚಿಟ್ಟಿದ್ದೇವೆ!

ಮಾರನೆಯ ದಿನ ಡಾಕ್ಟರ್ ಅರ್ಧ ಗಂಟೆ ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಬಸುರಿನಲ್ಲಿ ಬಿಳಿ ಸೆರಗು ಹೆಚ್ಚಾಗುವುದು ಸಹಜ. ಈಸ್ಟ್ರೋಜನ್ ಹಾರ್ಮೋನು ಏರುತ್ತದೆ, ಆ ಭಾಗಕ್ಕೆ ರಕ್ತ ಸಂಚಾರ ಹೆಚ್ಚುತ್ತದೆ, ಗರ್ಭಕೋಶದ ಬಾಯಿಯ ಗ್ರಂಥಿಗಳು ಹೆಚ್ಚು ಲೋಳೆ ಸುರಿಸುತ್ತವೆ. ತೆಳುವಾಗಿ, ಹಾಲಿನಂತೆ ಅಥವಾ ನೀರುಬಣ್ಣಕ್ಕಿದ್ದು, ಕೆಟ್ಟ ವಾಸನೆ, ತುರಿಕೆ ಇಲ್ಲದಿದ್ದರೆ ಹೆದರಬೇಕಿಲ್ಲ. ಅಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಆ ಜಾಗವನ್ನು ಹುಳಿಯಾಗಿಟ್ಟು ಸೋಂಕನ್ನು ತಡೆಯುತ್ತವೆ. ಸೆರಗು ಹೋದರೆ ಮೂಳೆ ಕರಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿದೆ. ಅದು ನಿಜವಲ್ಲ.

ಯಾವಾಗ ತೋರಿಸಬೇಕು? ಒಡೆದ ಹಾಲಿನಂತೆ ಗಟ್ಟಿಯಾಗಿದ್ದು ತುರಿಕೆ, ಉರಿ ಇದ್ದರೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ. ನನಗೆ ಆಗಿದ್ದು ಇದೇ. ಬಸುರಿಯರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು. ಬೂದುಬಣ್ಣಕ್ಕಿದ್ದು ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯಕ್ಕೂ ಇದಕ್ಕೂ ನಂಟಿದೆ. ಹಳದಿ ಅಥವಾ ಹಸಿರುಬಣ್ಣಕ್ಕಿದ್ದು ನೊರೆನೊರೆಯಾಗಿದ್ದರೆ ಟ್ರೈಕೊಮೊನಾಸ್ ಸೋಂಕಿರಬಹುದು. ಆಗ ಗಂಡನೂ ಔಷಧಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಕಣ್ಣಿಂದ ನೋಡಿದರೆ ಖಚಿತವಾಗುವುದಿಲ್ಲ. ಸ್ವಾಬ್ ಪರೀಕ್ಷೆ ಬೇಕಾಗಬಹುದು, ಅದು ಎರಡು ನಿಮಿಷದ ಕೆಲಸ.

ಐಡಿಪಿಎಲ್ ಔಷಧಿ ಕಾರ್ಖಾನೆ ಇದ್ದ ಊರು ನಮ್ಮದು, ಮೆಡಿಕಲ್ ಶಾಪಿಗೆ ಬರವಿಲ್ಲ. ಆದರೆ ದಯವಿಟ್ಟು ನೀವೇ ಕೇಳಿ ಮಾತ್ರೆ ತರಬೇಡಿ. ಈ ತುರಿಕೆಗೆ ಬೇರೆಯವರು ನುಂಗುವ ಫ್ಲುಕೊನಜೋಲ್ ಮಾತ್ರೆಯನ್ನು ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನನಗೆ ಕೊಟ್ಟಿದ್ದು ಏಳು ದಿನದ ಕ್ಲೋಟ್ರಿಮಜೋಲ್ ಕ್ರೀಮು, ಅಷ್ಟರಲ್ಲೇ ವಾಸಿಯಾಯಿತು. ಡೆಟಾಲ್ ನೀರು, ಸೋಪು, ವಾಶ್ ಹಾಕಿ ಒಳಗೆ ತೊಳೆಯಬಾರದು, ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತವೆ. ಹೊರಗೆ ಬರೀ ನೀರು ಸಾಕು. ಹತ್ತಿಯ ಒಳಬಟ್ಟೆ ಹಾಕಿ, ಒದ್ದೆಯಾದರೆ ಬದಲಿಸಿ.

ಇನ್ನು ಕಾಯಬಾರದ ವಿಷಯ. ತಿಳಿನೀರಿನಂಥದ್ದು ಒಮ್ಮೆಲೇ ಸುರಿದರೆ, ಅಥವಾ ತೊಟ್ಟಿಕ್ಕುತ್ತಲೇ ಇದ್ದರೆ, ಅದು ಗರ್ಭಚೀಲದ ನೀರಿರಬಹುದು. ತೆಲುಗಿನಲ್ಲಿ "ಉಮ್ಮನೀರು" ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ. ಶುದ್ಧ ಪ್ಯಾಡ್ ಇಟ್ಟುಕೊಂಡು, ಗಂಟೆ ಎಷ್ಟು, ಬಣ್ಣ ಯಾವುದು ಅಂತ ನೋಡಿಕೊಂಡು ತಕ್ಷಣ ಹೊರಡಿ. ನೀರು ಹಸಿರಾಗಿದ್ದರೆ ಮಗು ಒಳಗೇ ಮಲ ಮಾಡಿರಬಹುದು, ಒಂದು ನಿಮಿಷವೂ ತಡಮಾಡಬೇಡಿ. ರಕ್ತ ಹೋದರೆ, ಜ್ವರ ಬಂದರೆ, ಮಗುವಿನ ಚಲನೆ ಕಡಿಮೆಯಾದರೆ ಕೂಡ ಹಾಗೆಯೇ. ದಿನ ತುಂಬಿದ ಮೇಲೆ ಗುಲಾಬಿ ಗೆರೆಯಿರುವ ಗಟ್ಟಿ ಲೋಳೆ ಹೋದರೆ ಹೆರಿಗೆ ಹತ್ತಿರವಾಯಿತು ಅಂತ. ಅದೇ 37 ವಾರಕ್ಕೆ ಮೊದಲೇ ಹೋದರೆ ಆಸ್ಪತ್ರೆಗೆ ಹೋಗಬೇಕು.

ನನಗೆ 35ನೇ ವಾರದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಹಾಸಿಗೆ ಒದ್ದೆಯಾಯಿತು. ಮೂತ್ರವಿರಬೇಕು, ಬೆಳಿಗ್ಗೆ ನೋಡೋಣ ಅಂತ ಮನಸ್ಸು ಹೇಳಿತು. ಏಳು ತಿಂಗಳಲ್ಲಿ ಬಾಯಿ ಮುಚ್ಚಿಕೊಂಡಿದ್ದು ನೆನಪಾಯಿತು. ಗಂಡನನ್ನು ಎಬ್ಬಿಸಿದೆ. ಆಗ ಬಾಲಾನಗರದ ಫ್ಲೈಓವರ್ ಇನ್ನೂ ಕಟ್ಟುತ್ತಿದ್ದರು, ಆ ಅಗೆದ ರಸ್ತೆಯಲ್ಲಿ ಆಟೋ ಕುಲುಕಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಆಸ್ಪತ್ರೆಯ ಬಾಗಿಲಲ್ಲೇ ನಾನಾಗಿ ಹೇಳಿದೆ, "ಉಮ್ಮನೀರು ಪೋತುಂದಿ." ಬೇರೇನೂ ವಿವರಿಸಬೇಕಾಗಲಿಲ್ಲ. ಸೋಂಕು ತಗಲದಂತೆ ಆಂಟಿಬಯೋಟಿಕ್ ಶುರುಮಾಡಿದರು. ಮಾರನೆಯ ಸಂಜೆ ಮಗಳು ಹುಟ್ಟಿದಳು, 2 ಕೆಜಿ 200 ಗ್ರಾಂ. ಐದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ನಮ್ಮ ಮಡಿಲಿಗೆ ಬಂದಳು. "ಬೆಳಿಗ್ಗೆವರೆಗೆ ಕಾಯದೆ ಬಂದಿದ್ದು ಒಳ್ಳೇದಾಯ್ತು" ಅಂದರು ಡಾಕ್ಟರ್. ಈಗ ಅವಳು ಶಾಲೆಗೆ ಹೋಗುತ್ತಾಳೆ, ನನಗಿಂತ ಚೆನ್ನಾಗಿ ತೆಲುಗು ಮಾತಾಡುತ್ತಾಳೆ.

ಖರ್ಚಿನ ಚಿಂತೆಯಿಂದ ತಪಾಸಣೆ ಮುಂದೂಡಬೇಡಿ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತುರ್ತಿಗೆ 108 ಇದೆ.

ಅತ್ತೆಯಂದಿರಲ್ಲಿ, ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮನೆಯ ಬಸುರಿ ಹುಡುಗಿಯನ್ನು "ಊಟ ಆಯ್ತಾ" ಅಂತ ಕೇಳುವಷ್ಟೇ ಸಲೀಸಾಗಿ "ಸೆರಗು ಹೋಗ್ತಿದೆಯಾ, ತುರಿಕೆ ಇದೆಯಾ" ಅಂತಲೂ ಕೇಳಿ. ಊರುಬಿಟ್ಟು ಬಂದ ನಮಗೆ ಇಲ್ಲಿ ತವರು ಅಂದರೆ ಈ ವೇದಿಕೆಯೇ. ಯಾರಿಗಾದರೂ ಡಾಕ್ಟರ ಹತ್ತಿರ ಹೇಳಲು ಮಾತು ಸಿಗದಿದ್ದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ. ಈಗ ನನಗೆ ಎರಡು ಭಾಷೆಯ ಪದವೂ ಗೊತ್ತಿದೆ.