ಕೇಪು ಕೊನೆಗೆ: ಒಂದು ಕೋವಿಯ, ಒಂದು ಶಿಸ್ತಿನ ಚರಿತ್ರೆ



ಮಲೆನಾಡಿನಲ್ಲಿ, ಕೊಡಗಿನಲ್ಲಿ, ಕರಾವಳಿಯ ತೋಟದ ಮನೆಗಳಲ್ಲಿ ‘ಕೇಪಿನ ಕೋವಿ’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ನಳಿಗೆಯ ಬಾಯಿಂದಲೇ ಮಸಿ, ಅಂದರೆ ಕೋವಿಮದ್ದು, ಸುರಿದು, ಅದರ ಮೇಲೆ ಗುಂಡನ್ನೋ ಚರೆಯನ್ನೋ ಹಾಕಿ, ಗಜಕೋಲಿನಿಂದ ಜಡಿದು, ಹಿಂಬದಿಯ ನಿಪ್ಪಲ್ಲಿಗೆ ಪುಟ್ಟದೊಂದು ತಾಮ್ರದ ಟೋಪಿ ತೊಡಿಸಿ ಹೊಡೆಯುವ ಕೋವಿ ಅದು. ಆ ತಾಮ್ರದ ಟೋಪಿಯೇ ಕೇಪು. ಕಿರುಬೆರಳ ತುದಿಯ ಮೇಲೆ ಕೂರುವಷ್ಟು ಸಣ್ಣ ವಸ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಸೈನ್ಯಗಳ ಕವಾಯತನ್ನೇ ಅದು ತಲೆಕೆಳಗು ಮಾಡಿತು. ಈ ಕೇಪು ಎಲ್ಲಿಂದ ಬಂತು, ‘ಕೇಪು ಕೊನೆಗೆ’ ಎಂಬ ನಿಯಮ ಅದರೊಂದಿಗೆ ಹೇಗೆ ರೂಪುಗೊಂಡಿತು, ಆ ನಿಯಮ ಇವತ್ತಿಗೂ ಏಕೆ ಮುಖ್ಯ ಎಂಬುದೇ ಇಂದಿನ ಮಾತು.

ಕೇಪಿಗಿಂತ ಹಿಂದಿನ ಕೋವಿಗಳಲ್ಲಿ ಬೆಂಕಿ ಹೊರಗೆ ಹುಟ್ಟಿ ಒಳಗೆ ಹೋಗುತ್ತಿತ್ತು. ಬತ್ತಿ ಕೋವಿಯಲ್ಲಿ ಹೊಗೆಯಾಡುವ ಬತ್ತಿಯ ತುದಿ, ಚಕಮಕಿ ಕೋವಿಯಲ್ಲಿ ಉಕ್ಕಿಗೆ ಕಲ್ಲು ತಾಗಿ ಹಾರಿದ ಕಿಡಿ, ಪಕ್ಕದ ಸಣ್ಣ ಬಟ್ಟಲಿನಲ್ಲಿದ್ದ ರಂಜಕವನ್ನು ಹೊತ್ತಿಸಬೇಕು. ಆ ಉರಿ ನಳಿಗೆಯ ಕಿವಿಯ ಮೂಲಕ ಒಳಗಿನ ಮಸಿಯನ್ನು ಮುಟ್ಟಬೇಕು. ಮಳೆ ಬಂದರೆ ರಂಜಕ ತೊಯ್ದಿತು, ಗಾಳಿ ಬಂದರೆ ಹಾರಿಹೋಯಿತು. ಎಲ್ಲ ಸರಿಯಿದ್ದರೂ ಬಟ್ಟಲಲ್ಲಿ ಬೆಳಕು ಮಿಂಚುವುದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಒಂದು ಗಳಿಗೆ ಇದ್ದೇ ಇರುತ್ತಿತ್ತು.

ಆ ಕಾಲದ ಕವಾಯತಿನ ಕ್ರಮದಲ್ಲಿ ಒಂದು ಸಂಗತಿ ಗಮನಿಸಬೇಕು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸಿಪಾಯಿಯಾಗಲಿ, 1779ರಲ್ಲಿ ಸ್ಟೂಬೆನ್ ಬರೆದ ನಿಯಮದ ಪ್ರಕಾರ ತರಬೇತಾದ ಅಮೆರಿಕದ ಸಿಪಾಯಿಯಾಗಲಿ, ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು ಮೊದಲು ಬಟ್ಟಲಿಗೆ ರಂಜಕ ಹಾಕುತ್ತಿದ್ದ. ಬಟ್ಟಲಿನ ಮುಚ್ಚಳ ಮುಚ್ಚಿ, ಆಮೇಲೆ ಉಳಿದ ಮಸಿಯನ್ನೂ ಗುಂಡನ್ನೂ ನಳಿಗೆಗೆ ಇಳಿಸುತ್ತಿದ್ದ. ಒಂದೇ ತೋಟೆಯಿಂದ ಎರಡೂ ಕೆಲಸ ಆಗುತ್ತಿದ್ದುದರಿಂದ ಅದು ಬೇಗ ಮುಗಿಯುವ ದಾರಿ. ಆದರೆ ಅದರ ಅರ್ಥ ಏನಾಯಿತು? ಹೊತ್ತಿಸುವ ಮದ್ದು ಆಗಲೇ ಸಿದ್ಧವಾಗಿರುವ ಕೋವಿಯ ಬಾಯಿಗೆ ಸಿಪಾಯಿ ಕೈಯೊಡ್ಡಿ ಗಜಕೋಲು ಜಡಿಯುತ್ತಿದ್ದ. ಏಟು ಹಾಕುವ ‘ಕುದುರೆ’ ಸವೆದು ಜಾರಿದರೆ ಅವನ ಕೈಯೇ ಹೋಗಬೇಕು.

ಈ ಕ್ರಮ ಬದಲಾಗುವುದಕ್ಕೆ ಬೀಜ ಬಿದ್ದದ್ದು ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಬೆಲ್‌ಹೆಲ್ವಿ ಎಂಬ ಹಳ್ಳಿಯಲ್ಲಿ. ಅಲ್ಲಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ನೀರುಹಕ್ಕಿಗಳ ಬೇಟೆಯ ಹವ್ಯಾಸಿ. ಚಕಮಕಿಯ ಮಿಂಚು ಕಂಡ ತಕ್ಷಣ, ಗುಂಡು ಬರುವ ಮೊದಲೇ, ಬಾತುಗಳು ನೀರೊಳಗೆ ಮುಳುಗಿಬಿಡುತ್ತಿದ್ದವು. ಏಟು ಬಿದ್ದರೆ ಸಾಕು ಸಿಡಿಯುವ ರಾಸಾಯನಿಕಗಳು ಆಗಿನ್ನೂ ಹೊಸವು. ಫ್ರಾನ್ಸಿನ ಬರ್ತೊಲೆ 1780ರ ದಶಕದಲ್ಲಿ ಪೊಟ್ಯಾಸಿಯಂ ಕ್ಲೋರೇಟನ್ನು ಪರಿಚಯಿಸಿದ್ದ. 1788ರಲ್ಲಿ ಎಸ್ಸೊನ್ ಎಂಬಲ್ಲಿ ಅದರಿಂದ ಕೋವಿಮದ್ದು ಮಾಡಲು ಹೋದಾಗ ಸ್ಫೋಟವಾಗಿ ಜೀವಹಾನಿಯಾಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ 1800ರಲ್ಲಿ ಪಾದರಸದ ಫಲ್ಮಿನೇಟಿನ ವಿವರವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಪ್ರಯೋಗದ ನಡುವೆ ಅವನೂ ಗಾಯಗೊಂಡಿದ್ದ. ಇಂಥವನ್ನು ನಳಿಗೆ ತುಂಬ ತುಂಬಿದರೆ ಕೋವಿಯೇ ಒಡೆಯುತ್ತದೆ. ಫೋರ್ಸೈತ್‌ನ ಜಾಣತನ ಇದ್ದದ್ದು ಇಲ್ಲಿ: ಒಳಗಿನ ಮಸಿ ಹಳೆಯದೇ ಇರಲಿ, ಅದನ್ನು ಹೊತ್ತಿಸುವ ರಂಜಕದ ಜಾಗಕ್ಕೆ ಮಾತ್ರ ಚಿಟಿಕೆಯಷ್ಟು ಸಿಡಿಮದ್ದು ಬರಲಿ ಎಂದು ಅವನು ಯೋಚಿಸಿದ. 1807ರಲ್ಲಿ ಅದಕ್ಕೆ ಪೇಟೆಂಟ್ ಪಡೆದ.

ಫೋರ್ಸೈತ್‌ನ ಯಂತ್ರದಲ್ಲಿ ಸಿಡಿಮದ್ದು ಅತ್ತರಿನ ಸೀಸೆಯಂಥ ಸಣ್ಣ ಡಬ್ಬಿಯಲ್ಲಿ ಕೋವಿಯ ಪಕ್ಕಕ್ಕೇ ಅಂಟಿಕೊಂಡಿರುತ್ತಿತ್ತು. ಅದು ನಾಜೂಕಿನ ಏರ್ಪಾಡು, ಅಪಾಯದ್ದೂ ಹೌದು. ಮುಂದಿನ ಹತ್ತು ಹದಿನೈದು ವರ್ಷ ಅನೇಕರು ಇದನ್ನು ಸರಳಗೊಳಿಸಲು ಹೆಣಗಿದರು. ತಾಮ್ರದ ಕೇಪು ತನ್ನದೇ ಎಂದವರು ಹಲವರು. ಇಂಗ್ಲೆಂಡಿನಿಂದ ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿ ನೆಲೆಸಿದ ಚಿತ್ರಕಾರ ಜೋಶುವಾ ಶಾ 1822ರಲ್ಲಿ ಅಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೋಪಿಯ ಒಳತಳಕ್ಕೆ ಹಚ್ಚಿದ ತೆಳುಪದರದಲ್ಲಿ ಸಿಡಿಮದ್ದು ಭದ್ರವಾಗಿ ಕುಳಿತಿತು. ನೀರು ತಾಗುವುದು ಕಡಿಮೆಯಾಯಿತು, ಅಳತೆ ಪ್ರತಿಸಲವೂ ಒಂದೇ ಆಯಿತು.

ಸೈನ್ಯಗಳು ಮಾತ್ರ ಬೇಗ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ 1834ರಲ್ಲಿ ವುಲಿಚ್‌ನಲ್ಲಿ ಎರಡೂ ಬಗೆಯ ಕೋವಿಗಳಿಂದ ತಲಾ 6,000 ಈಡು ಹೊಡೆದು ಪರೀಕ್ಷೆ ಮಾಡಿದರು. ಚಕಮಕಿ ಕೋವಿ ಸುಮಾರು ಆರೂವರೆ ಈಡಿಗೆ ಒಂದು ಸಲ ಹಾರದೆ ಉಳಿಯಿತು. ಕೇಪಿನ ಕೋವಿ ಹಾರದೆ ಉಳಿದದ್ದು ಸುಮಾರು 166ಕ್ಕೆ ಒಂದು ಸಲ. ಈ ಲೆಕ್ಕ ಕಂಡ ಮೇಲೆ ವಾದ ಉಳಿಯಲಿಲ್ಲ. 1837ರಲ್ಲಿ ಕೇಪಿನ ಬ್ರನ್ಸ್‌ವಿಕ್ ರೈಫಲ್ ಬಂತು, ಅದರ ಹಿಂದೆಯೇ ಕೇಪಿನ ಮಸ್ಕೆಟ್‌ಗಳೂ ಬಂದವು.

ಆ ಅಂಕಿಗಳ ಬೆಲೆ ಭಾರತದ ಸಿಪಾಯಿಗಳಿಗೆ ರಣರಂಗದಲ್ಲೇ ತಿಳಿಯಿತು. 1841ರ ಮೇ 30ರಂದು ಚೀನಾದ ಕ್ಯಾಂಟನ್ ಬಳಿ, ಮೊದಲ ಅಫೀಮು ಯುದ್ಧದ ನಡುವೆ, 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಒಂದು ಕಂಪನಿ ಜಡಿಮಳೆಯಲ್ಲಿ ದಾರಿ ತಪ್ಪಿ ಸಾವಿರಾರು ಜನರ ನಡುವೆ ಸಿಕ್ಕಿಬಿತ್ತು. ಸುಮಾರು 60 ಸಿಪಾಯಿಗಳು. ಎಲ್ಲರ ಕೈಯಲ್ಲೂ ಚಕಮಕಿ ಕೋವಿ, ಒಂದೂ ಹೊತ್ತಲಿಲ್ಲ. ಬಯೊನೆಟ್ಟಿನ ಮೊನೆಯಿಂದಲೇ ಗಂಟೆಗಟ್ಟಲೆ ಕಾದಾಡಿದರು. ಕತ್ತಲಾದ ಮೇಲೆ ಅವರನ್ನು ಹುಡುಕಿ ಬಿಡಿಸಿಕೊಂಡು ಬಂದದ್ದು ಕೇಪಿನ ಕೋವಿ ಹಿಡಿದಿದ್ದ ನೌಕಾಪಡೆಯ ಮರೀನ್ ಸೈನಿಕರು. ಅದೇ ಮಳೆಯಲ್ಲಿ ಅವರ ಕೋವಿಗಳು ಹಾರಿದವು.

ಇನ್ನು ಕವಾಯತಿಗೆ ಬರೋಣ. ಕೇಪು ಬಂದ ಮೇಲೆ ಹೊತ್ತಿಸುವ ಮದ್ದು ತೋಟೆಯಿಂದ ಬೇರೆಯಾಗಿ, ಸೊಂಟದ ಸಣ್ಣ ಚೀಲ ಸೇರಿತು. ಹಾಗಾಗಿ ಅದನ್ನು ಮೊದಲು ತೊಡಿಸಬೇಕಾದ ಅಗತ್ಯ ಇಲ್ಲವಾಯಿತು, ಕ್ರಮ ಮೇಲುಕೆಳಗಾಯಿತು. 1855ರಲ್ಲಿ ಅಮೆರಿಕದ ಹಾರ್ಡೀ ಬರೆದ ಕವಾಯತಿನ ಪುಸ್ತಕದಲ್ಲಿ ಬಾರು ಮಾಡುವುದಕ್ಕೆ ಒಂಬತ್ತು ಹೆಜ್ಜೆಗಳು. ತೋಟೆ ಹರಿಯುವುದು, ಸುರಿಯುವುದು, ಗಜಕೋಲು ಎಳೆಯುವುದು, ಜಡಿಯುವುದು, ಗಜಕೋಲನ್ನು ಅದರ ಜಾಗಕ್ಕೆ ಹಿಂದಿರುಗಿಸುವುದು, ಇವೆಲ್ಲ ಮುಗಿದ ಮೇಲೆ, ಎಂಟನೆಯ ಹೆಜ್ಜೆಯಲ್ಲಿ ಕೇಪು. ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲಿನ ಕವಾಯತಿನಲ್ಲೂ ಕೇಪಿನ ಸರದಿ ಜಡಿದ ನಂತರವೇ. ಕೈ ನಳಿಗೆಯ ಬಾಯಿ ಬಿಟ್ಟು ಬಂದ ಮೇಲೆಯೇ ಕೋವಿಗೆ ಜೀವ. ಕೋವಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸುರಕ್ಷತೆಯ ಹೆಜ್ಜೆ ನನಗೆ ಕಾಣುವುದಿಲ್ಲ.

ಈ ಎನ್‌ಫೀಲ್ಡನ್ನು ನಮ್ಮ ದೇಶ ನೆನಪಿಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ಅದರ ತೋಟೆಗೆ ಹಚ್ಚಿದ ಕೊಬ್ಬಿನ ಸಂಶಯ 1857ರ ದಂಗೆಗೆ ಕಿಡಿಯಾಯಿತು. ಅದರ ಬೆನ್ನಿಗೇ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ಎದ್ದು ನಿಂತರು, ಊರು ಬೆಂಕಿಗೆ ಬಿತ್ತು, ಹಲವರು ಗಲ್ಲಿಗೇರಿದರು. ಅವರ ಕಥೆ ಲಾವಣಿಯಾಗಿ ಉಳಿದಿದೆ. ಕೊಡಗಿನವರಿಗೆ ಮಾತ್ರ 1861ರಲ್ಲಿ ಆ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ಮುಂದುವರಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಹೂವು ಇಟ್ಟು ಪೂಜಿಸುವ ನಾಡಿನಲ್ಲಿ, ಕೋವಿಯ ಮರ್ಯಾದೆಯನ್ನು ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಕ್ರಮ ಸರಿಯಾಗಿದ್ದರೂ ಗಮನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಂತರ್ಯುದ್ಧ ಸಾಕ್ಷಿ ಕೊಟ್ಟಿತು. 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ಬಯಲಿನಿಂದ 27,000ಕ್ಕೂ ಹೆಚ್ಚು ಕೋವಿಗಳನ್ನು ಆಯ್ದು ತಂದರು. ಅವುಗಳಲ್ಲಿ ಸುಮಾರು 24,000 ಬಾರಾಗಿಯೇ ಇದ್ದವು. ಸುಮಾರು 12,000 ಕೋವಿಗಳಲ್ಲಿ ಒಂದರ ಮೇಲೊಂದು ಎರಡು ಬಾರು. ಸುಮಾರು 6,000ದಲ್ಲಿ ಮೂರರಿಂದ ಹತ್ತು. ಒಂದು ಕೋವಿಯಲ್ಲಂತೂ 23. ಗದ್ದಲ, ಹೊಗೆ, ಭಯದ ನಡುವೆ ಕೆಲವರು ಕೇಪು ತೊಡಿಸುವುದನ್ನೇ ಮರೆತಿದ್ದಿರಬೇಕು, ಕೆಲವರದು ಕೇಪು ಮಾತ್ರ ಸಿಡಿದು ಒಳಗಿನ ಮಸಿ ಹೊತ್ತದೆ ಉಳಿದಿರಬೇಕು. ಅಕ್ಕಪಕ್ಕದ ಸದ್ದಿನಲ್ಲಿ ತನ್ನ ಕೋವಿ ಹಾರಿತೆಂದುಕೊಂಡು ಸಿಪಾಯಿ ಮತ್ತೆ ಬಾರು ಮಾಡಿದ. ಅಂಥ ಕೋವಿಗೆ ಕೊನೆಗೊಮ್ಮೆ ಬೆಂಕಿ ಮುಟ್ಟಿದ್ದರೆ ಸಾಯುತ್ತಿದ್ದವನು ಹಿಡಿದವನೇ.

ಬಾಯಿಂದ ತುಂಬುವ ಕೋವಿಯ ಎಲ್ಲ ಎಚ್ಚರಿಕೆಗಳೂ ಇಂಥ ಅನುಭವಗಳಿಂದಲೇ ಹುಟ್ಟಿವೆ. ಅವುಗಳ ಕಾರಣ ತಿಳಿದರೆ ಮರೆಯುವುದಿಲ್ಲ.

ಮೊದಲನೆಯದು, ಬಾರಾಗಿದೆಯೋ ಇಲ್ಲವೋ ಎಂದು ಗಜಕೋಲನ್ನು ಕೇಳಬೇಕು. ಖಾಲಿ ನಳಿಗೆಯಲ್ಲಿ ಕೋಲು ಎಷ್ಟು ಇಳಿಯುತ್ತದೆ, ಬಾರಾದಾಗ ಎಷ್ಟು ಇಳಿಯುತ್ತದೆ ಎಂದು ಕೋಲಿನ ಮೇಲೆ ಎರಡು ಗುರುತು ಮಾಡಿಟ್ಟುಕೊಂಡವನಿಗೆ ಕೋವಿ ಸುಳ್ಳು ಹೇಳಲಾರದು. ತೋಟೆ ಕೋವಿಯ ಹಿಂಬದಿ ತೆರೆದು ನೋಡಬಹುದು, ಇದನ್ನು ಹಾಗೆ ನೋಡಲಾಗದು. ಕುದುರೆ ಕೆಳಗಿದೆ, ಕೇಪು ಇಲ್ಲ ಎಂದ ಮಾತ್ರಕ್ಕೆ ಕೋವಿ ಖಾಲಿಯಲ್ಲ.

ಎರಡನೆಯದು ಮಸಿ. ಈ ಕೋವಿಗೆ ಕಪ್ಪು ಮಸಿ ಅಥವಾ ಅದಕ್ಕೆಂದೇ ತಯಾರಿಸಿದ ಬದಲಿ ಮಾತ್ರ. ಹೊಗೆಯಿಲ್ಲದ ಹೊಸ ಮದ್ದಿನ ಒತ್ತಡವನ್ನು ಹಳೆಯ ನಳಿಗೆ ತಾಳದೆ ಸಿಡಿಯುತ್ತದೆ. ಮಸಿಯನ್ನು ಕೊಂಬಿನಿಂದಲೋ ಡಬ್ಬಿಯಿಂದಲೋ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕೆಂಡವೊಂದು ತಳದಲ್ಲಿ ಉಳಿದಿದ್ದರೆ ಇಡೀ ಡಬ್ಬಿ ಕೈಯಲ್ಲೇ ಸ್ಫೋಟಿಸುತ್ತದೆ. ಅಳತೆಯ ಬಟ್ಟಲಿಗೆ ಸುರಿದು, ಅದರಿಂದ ನಳಿಗೆಗೆ ಹಾಕಬೇಕು. ಮುಖವೂ ಎದೆಯೂ ಬಾಯಿಗೆ ಅಡ್ಡ ಬರಬಾರದು.

ಮೂರನೆಯದು, ಗುಂಡು ಮಸಿಯ ಮೇಲೆ ಗಟ್ಟಿಯಾಗಿ ಕೂರಬೇಕು. ನಡುವೆ ಸಂದು ಬಿಟ್ಟರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಗುಂಡು ಇಳಿಯುವಾಗ ನಿಪ್ಪಲ್ಲು ತೆರೆದಿದ್ದರೆ ಒಳಗಿನ ಗಾಳಿ ಅತ್ತ ಹೊರಟು, ಮಸಿಯ ಕಣಗಳನ್ನೂ ನಿಪ್ಪಲ್ಲಿನ ದಾರಿಗೆ ತಳ್ಳುತ್ತದೆ. ಕೇಪು ಕೊನೆಗೆ ಎಂಬ ನಿಯಮಕ್ಕೆ ಇದು ಇನ್ನೊಂದು ಕಾರಣ.

ನಾಲ್ಕನೆಯದು ಕೇಪು ತೊಡಿಸುವ ಗಳಿಗೆ. ಬಾಯಿ ಸುರಕ್ಷಿತ ದಿಕ್ಕಿಗೆ ಇರಲಿ, ಬೆರಳು ಟ್ರಿಗರಿನಿಂದ ದೂರವಿರಲಿ. ಕುದುರೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಆದರೆ ಆ ಅರ್ಧ ನಿಲುಗಡೆಯನ್ನೇ ನಂಬಿ ಕೂರಬೇಡಿ. ಹಳೆಯ ಕೋವಿಯಲ್ಲಿ ಅದರ ಕಚ್ಚು ಸವೆದಿರುತ್ತದೆ. ಕೇಪು ನಿಪ್ಪಲ್ಲಿಗೆ ಸರಿಯಾಗಿ ಹೊಂದಬೇಕು. ಸಡಿಲವಾದದ್ದು ಬೀಳುತ್ತದೆ, ಬಿಗಿಯಾದದ್ದನ್ನು ಬಲವಂತದಿಂದ ಒತ್ತಿದರೆ ಸಿಡಿಯಬಹುದು. ಹೊಡೆದಾಗ ತಾಮ್ರದ ಚೂರು ಹಾರುವುದುಂಟು, ಆದ್ದರಿಂದ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಹೊಡೆಯುವ ಜಾಗದಲ್ಲಿ, ಹೊಡೆಯುವ ಹೊತ್ತಿಗೆ ಮಾತ್ರ ಕೇಪು. ಕೇಪು ತೊಟ್ಟ ಕೋವಿಯನ್ನು ಹೊತ್ತು ಬೇಲಿ ದಾಟುವುದು, ಮರ ಹತ್ತುವುದು, ಜೀಪು ಏರುವುದು ಸಾವನ್ನು ಕರೆದಂತೆ.

ಕೇಪು ಸಿಡಿದೂ ಕೋವಿ ಹಾರದಿದ್ದರೆ ಅವಸರ ಬೇಡ. ಒಳಗೆ ಕಿಡಿ ನಿಧಾನವಾಗಿ ಹಬ್ಬುತ್ತಿರಬಹುದು. ಬಾಯಿಯನ್ನು ಗುರಿಯ ಕಡೆಗೇ ಹಿಡಿದು, ಕಡಿಮೆಯೆಂದರೂ ಒಂದು ನಿಮಿಷ ಕಾಯಬೇಕು. ಆಮೇಲೆ ಹೊಸ ಕೇಪು. ಅದೂ ಹಾರದಿದ್ದರೆ ಮತ್ತೆ ಅಷ್ಟೇ ಕಾದು, ತಿಳಿದವರ ಕೈಗೆ ಕೊಡಬೇಕು. ಹೊಡೆದು ಮುಗಿದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಮಸಿಯ ಕರಿ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಒಳಗೇ ತಿಂದುಹೋದ ನಳಿಗೆ ಹೊರಗೆ ಹೊಳೆಯುತ್ತಿದ್ದರೂ ನಂಬಿಕೆಗೆ ಯೋಗ್ಯವಲ್ಲ.

ಸೈನ್ಯಗಳಲ್ಲಿ ಕೇಪಿನ ಕೋವಿಯ ಆಳ್ವಿಕೆ ಹೆಚ್ಚು ಕಾಲ ನಡೆಯಲಿಲ್ಲ. 1866ರಲ್ಲಿ ಹಿಂದಿನಿಂದ ತುಂಬುವ ಪ್ರಷ್ಯದ ಕೋವಿಗಳು ಆಸ್ಟ್ರಿಯವನ್ನು ಸೋಲಿಸಿದವು. ಅದೇ ವರ್ಷ ಬ್ರಿಟನ್ ಎನ್‌ಫೀಲ್ಡುಗಳ ಹಿಂಬದಿ ಕತ್ತರಿಸಿ ಸ್ನೈಡರ್ ಮಾದರಿಗೆ ಬದಲಿಸುವ ಕ್ರಮ ಒಪ್ಪಿತು. ಕೇಪು ಆಗ ತೋಟೆಯ ಬುಡದೊಳಗೆ ಸೇರಿಕೊಂಡಿತು. ಇವತ್ತಿನ ಬಹುತೇಕ ತೋಟೆಗಳ ಬುಡದಲ್ಲಿರುವ ಪ್ರೈಮರ್ ಅದೇ ಕೇಪಿನ ವಂಶದ್ದು.

ನಮ್ಮ ಹಳ್ಳಿಗಳಲ್ಲಿ ಮಾತ್ರ ಹಳೆಯ ರೂಪದ ಕೇಪು ಬೆಳೆ ಕಾಯುವ ಕೋವಿಗಳಲ್ಲಿ ಉಳಿಯಿತು. ವಿನಾಯಿತಿ ಇಲ್ಲದವರಿಗೆ ಪರವಾನಗಿ ಬೇಕು, ಬೇಟೆಗೆ 1972ರ ವನ್ಯಜೀವಿ ಕಾಯಿದೆಯ ತಡೆ ಇದೆ, ಇದು ಎಲ್ಲರಿಗೂ ತಿಳಿದದ್ದೇ. ನನ್ನ ಆತಂಕ ಬೇರೆ. ಅಜ್ಜನ ಕಾಲದ ಕೋವಿ ಅಟ್ಟದ ಮೇಲೆ, ಗೋಡೆಯ ಗೂಟದ ಮೇಲೆ ಇದ್ದ ಹಾಗೇ ಇರುತ್ತದೆ. ಅದನ್ನು ಬಲ್ಲ ಕೈಗಳು ಈಗಿಲ್ಲ. ಒಣಗಿದ ಕಪ್ಪು ಮಸಿ ದಶಕಗಳಾದರೂ ಸತ್ವ ಕಳೆದುಕೊಳ್ಳುವುದಿಲ್ಲ. ಮಕ್ಕಳು ಕುದುರೆ ಎತ್ತಿ ಆಡುವ ಮೊದಲು, ಮನೆಯ ಹಿರಿಯರು ಅದನ್ನು ಬಾರಾಗಿದೆ ಎಂದೇ ಭಾವಿಸಿ, ಪರವಾನಗಿ ಪಡೆದ ಕೋವಿ ರಿಪೇರಿಯವರನ್ನು ಕರೆಸಿ ನೋಡಿಸಲಿ. ಪರವಾನಗಿಯ ಕಾಗದ ಸರಿಯಿಲ್ಲದಿದ್ದರೆ ಹತ್ತಿರದ ಠಾಣೆಗೆ ತಿಳಿಸಲಿ.

ಫೋರ್ಸೈತ್ 1843ರಲ್ಲಿ ತೀರಿಕೊಂಡ. ಅವನ ಶೋಧದಿಂದ ಕೋವಿ ಹಾರುವುದು ಖಚಿತವಾಯಿತು. ಯಾವಾಗ ಹಾರಬೇಕು ಎಂಬುದು ಖಚಿತವಾದದ್ದು ಸಾವಿರಾರು ಸಿಪಾಯಿಗಳು, ಕವಾಯತು ಕಲಿಸಿದವರು, ಗಾಯಗೊಂಡವರು ಸೇರಿ ಕಟ್ಟಿದ ಕ್ರಮದಿಂದ. ಕೋವಿ ಹಿಡಿಯುವವರು ಆ ಕ್ರಮವನ್ನೂ ಹಿಡಿಯಲಿ, ಮಕ್ಕಳಿಗೂ ಹೇಳಿಕೊಡಲಿ: ಮಸಿ, ಗುಂಡು, ಗಜಕೋಲು, ಎಲ್ಲ ಆದ ಮೇಲೆ ಕೇಪು.